ಸ್ವಿಮ್ಮಿಂಗ್ ಪೂಲ್ ರೆಡಿ ಆದ್ರೆ ಬರ್ತಾರಂತೆ!

1973ರ ಡಿಸೆಂಬರ್ 13ನೇ ತಾರೀಕು ಫ್ರಾನ್ಸಿನ ಕ್ಲೆರ್ಮಾಂ-ಫೆರಾಂ ಹತ್ರ ಆರಿಹೋದ ಜ್ವಾಲಾಮುಖಿ ಮೇಲೆ ಕ್ಲೋಡ್ ವೊರಿಲೋನ್ ಅನ್ನೋ ಕಾರ್ ರೇಸಿಂಗ್ ಪತ್ರಕರ್ತನಿಗೆ ಹಾರುವ ತಟ್ಟೆ ಕಾಣಿಸ್ತಂತೆ, ಅದ್ರಿಂದ ಇಳಿದ ಕುಳ್ಳ ಆಸಾಮಿ ನೀಟಾಗಿ ಫ್ರೆಂಚ್ ಮಾತಾಡ್ದನಂತೆ, ನಾಳೆ ಬರೋವಾಗ ಬೈಬಲ್ ತಗೊಂಡ್ ಬಾ ಅಂದನಂತೆ. ಪಾಠದ ಸಾರ ಏನಪ್ಪಾ ಅಂದ್ರೆ ದೇವ್ರು ಗೀವ್ರು ಏನಿಲ್ಲ, ನಿಮ್ಮನ್ನೆಲ್ಲ ಲ್ಯಾಬಲ್ಲಿ ಮಾಡಿದ್ದು ನಾವೇ, ನಿಮಗಿಂತ 25,000 ವರ್ಷ ಮುಂದಿದೀವಿ. ಪತ್ರಕರ್ತ ರಾಯೆಲ್ ಅಂತ ಹೆಸರಿಟ್ಕೊಂಡ, ರಾಯೆಲಿಯನ್ ಪಂಥ ಹುಟ್ಕೊಳ್ತು.

ಸರಿ, ಇಷ್ಟೆಲ್ಲ ಮುಂದಿರೋರು ಮತ್ತೆ ಯಾವಾಗ ಬರ್ತಾರೆ? ಮೊದ್ಲು ಅವರಿಗೊಂದು ರಾಯಭಾರ ಕಚೇರಿ ಕಟ್ಬೇಕು, ಶುರುವಲ್ಲಿ ಕೇಳಿದ್ದು ಜೆರುಸಲೇಮ್ ಹತ್ರ. ಪ್ಲಾನ್ ಕೂಡ ಅವರೇ ಕೊಟ್ಟಿದಾರೆ: ಅತಿಥಿಗಳಿಗೆ ಏಳು ರೂಮು, ಒಂದೊಂದಕ್ಕೂ ಬೇರೆ ಬಾತ್‌ರೂಮು, 21 ಜನ ಕೂತು ಊಟ ಮಾಡೋ ಹಾಲು, ಸ್ವಿಮ್ಮಿಂಗ್ ಪೂಲು. ಡಿಎನ್ಎ ಜೋಡಿಸಿ ಆನೆ, ಇರುವೆ, ಮನುಷ್ಯನ್ನ ಮಾಡಿದೋರಿಗೆ ಒಂದು ಟೆಂಟ್ ಹಾಕ್ಕೊಳಕ್ಕೆ ಬರಲ್ವಾ? ಕರೀದೆ ಬರೋದು ಮರ್ಯಾದೆ ಅಲ್ಲ ಅನ್ನೋದು ಉತ್ತರ. 73ರಲ್ಲಿ ಇಳಿಯೋವಾಗ ಯಾರ ಪರ್ಮಿಷನ್ ತಗೊಂಡಿದ್ರೋ!

ಇಂಥ ಕಡೆಯಿಂದ ಸಾಕಪ್ಪಾ ಅಂತ ಹೊರಗೆ ಬಂದೋನನ್ನ ನೋಡಿ ಜನ ನಗ್ತಾರೆ, ಇದನ್ನೂ ನಂಬಿದ್ಯೇನೋ ಅಂತ. ನನ್ ಪ್ರಕಾರ ಒಳಗೆ ಲೆಕ್ಕ ಕೇಳಿದ ಒಬ್ಬನೇ ಮನುಷ್ಯ ಅವನು, ನಗೋ ಹಾಗಿದ್ರೆ 2002ರ ಡಿಸೆಂಬರ್ ಕಡೇಲಿ ಇದೇ ಪಂಥದೋರ ಕ್ಲೋನೇಡ್ ಕಂಪನಿಯ ಬ್ರಿಜಿತ್ ಬ್ವಾಸೆಲಿಯೇ ಪ್ರೆಸ್‌ಮೀಟ್ ಮಾಡಿ ಈವ್ ಅನ್ನೋ ಕ್ಲೋನ್ ಮಗು ಹುಟ್ಟಿದೆ ಅಂದಾಗ ಕ್ಯಾಮೆರಾ ಹಿಡ್ಕೊಂಡು ಓಡಿದ ದೊಡ್ಡ ದೊಡ್ಡ ಚಾನಲ್‌ನೋರನ್ನ ನೋಡಿ ನಗಿ. ಪಾಪ ಅವರೇನು ಪಂಥಕ್ಕೆ ಸೇರಿರ್ಲಿಲ್ಲ! ಡಿಎನ್ಎ ಟೆಸ್ಟ್ ಮಾಡಿಸ್ತೀವಿ ಅಂದ್ರು, ಆಮೇಲೆ ಯಾರೋ ವಕೀಲ ಕೋರ್ಟಿಗೆ ಹೋದ, ಮಗೂನ ಕಿತ್ಕೊಂಡ್ಬಿಟ್ರೆ ಅಂತ ಟೆಸ್ಟೂ ಇಲ್ಲ, ಮಗೂನೂ ಇಲ್ಲ. ಸೃಷ್ಟಿಯನ್ನೇ ಮಾಡಿದೋರ ಶಿಷ್ಯರು ಒಬ್ಬ ವಕೀಲನಿಗೆ ಹೆದರ್ಕೊಂಡ್ರು.

ಹೊರಗೆ ಬಂದೋನಿಗೆ ನನ್ನದೊಂದೇ ಸಲಹೆ. ಸತ್ಮೇಲೆ ಹಣೆಮೂಳೆಯ ಚೂರು ತೆಗೆದಿಡಿ, ಮುಂದೆ ಅದ್ರಿಂದ ನನ್ನನ್ನ ಮತ್ತೆ ಹುಟ್ಟಿಸ್ಬಹುದು ಅಂತ ಬರೆದುಕೊಡೋ ಪದ್ಧತಿ ಇದೆ ಆ ಪಂಥದಲ್ಲಿ. ನೀವೇನಾದ್ರೂ ಸೈನ್ ಹಾಕಿದ್ರೆ ಇವತ್ತೇ ಹೋಗಿ ಕ್ಯಾನ್ಸಲ್ ಮಾಡಿಸಿ ಸ್ವಾಮಿ, ಇಲ್ಲಾಂದ್ರೆ ನೀವು ಬಿಟ್ಟುಬಂದ್ರೂ ನಿಮ್ಮ ಕ್ಲೋನು ಎದ್ದು ಹೋಗಿ ಸ್ವಿಮ್ಮಿಂಗ್ ಪೂಲಿಗೆ ಚಂದಾ ಕಟ್ತಾ ಕೂತಿರುತ್ತೆ.