ಗಾಡಿ ಚಿಕ್ಕದಿರಲಿ, ಹೊರೆಗೆ ಡಬ್ಬಿ ಬೇರೆ ಇರಲಿ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಪಿಟ್ಸ್‌ಬರ್ಗ್ ಸುತ್ತಮುತ್ತ ಮನೆ ಮುಂದೆ ಪಿಕಪ್ ಟ್ರಕ್ ನಿಂತಿರುವುದು ಮಾಮೂಲಿ. ವಾರವಿಡೀ ಅದರಲ್ಲಿ ಒಬ್ಬರೇ ಕೂತು ಕೆಲಸಕ್ಕೆ ಹೋಗಿ ಬರುತ್ತಾರೆ, ಹಿಂದಿನ ತೊಟ್ಟಿ ಖಾಲಿ. ಕೇಳಿದರೆ ಹಿತ್ತಿಲಿಗೆ ಮಣ್ಣು ತರಬೇಕು, ಚಳಿಗಾಲಕ್ಕೆ ಸೌದೆ ಬೇಕು, ಹಳೇ ಸೋಫಾ ಸಾಗಿಸಬೇಕು ಅಂತಾರೆ. ಈ ನಾಲ್ಕಾರು ಕೆಲಸಕ್ಕೆ ಸುಮಾರು ಎರಡು ಟನ್ ತೂಕದ ಗಾಡಿಯನ್ನು ವರ್ಷಪೂರ್ತಿ ಓಡಿಸಬೇಕಾ? ಬೇಡ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಸಾಧಾರಣ ಗಾಡಿ ಇಟ್ಟುಕೊಂಡು, ಹೊರೆ ಇದ್ದ ದಿನ ಮಾತ್ರ ಹಿಂದೆ ಒಂದು ಹಳೇ ಮಿಲಿಟರಿ ಟ್ರೇಲರ್ ಹಚ್ಚಿಕೊಂಡರೆ ಸಾಕು.

ಮುಧೋಳ ಕಡೆಯವನಾದ ನನಗೆ ಇದು ಹೊಸ ವಿಚಾರವೇನಲ್ಲ. ನಮ್ಮಲ್ಲಿ ಟ್ರ್ಯಾಕ್ಟರ್ ಬೇರೆ, ಡಬ್ಬಿ ಅಂದರೆ ಅದರ ಟ್ರೇಲರ್ ಬೇರೆ. ಒಬ್ಬರ ಟ್ರ್ಯಾಕ್ಟರ್‌ಗೆ ಇನ್ನೊಬ್ಬರ ಡಬ್ಬಿ ಹಚ್ಚಿಕೊಂಡು ಹೋಗುವುದು ದಿನನಿತ್ಯದ ಮಾತು. ಇವತ್ತು ಗೊಬ್ಬರ, ನಾಳೆ ಇಟ್ಟಿಗೆ, ನಾಡಿದ್ದು ತೊಳೆದು ತಾಡಪತ್ರಿ ಹಾಸಿದರೆ ಜಾತ್ರೆಗೆ ಹೊರಟ ಮಂದಿ.

ಇಲ್ಲಿಂದ ಉತ್ತರಕ್ಕೆ ಒಂದು ತಾಸು ಹೋದರೆ ಬಟ್ಲರ್ ಅನ್ನುವ ಊರು ಸಿಗುತ್ತದೆ. ಜೀಪಿನ ಮೊದಲ ಮಾದರಿಯನ್ನು ಮಾಡಿ 1940ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸೈನ್ಯಕ್ಕೆ ಒಪ್ಪಿಸಿದ ಬ್ಯಾಂಟಮ್ ಕಂಪನಿ ಇದೇ ಊರಿನದು. ಆದರೆ ಜೀಪಿನ ದೊಡ್ಡ ಆರ್ಡರೆಲ್ಲ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳ ಪಾಲಾಯಿತು. ಬ್ಯಾಂಟಮ್‌ನವರು ಜೀಪಿನ ಹಿಂದೆ ಕಟ್ಟುವ ಕಾಲು ಟನ್ನಿನ ಟ್ರೇಲರ್ ಮಾಡತೊಡಗಿದರು. ಎಷ್ಟು ಯೋಚಿಸಿ ಮಾಡಿದ್ದರು ನೋಡಿ. ಚಕ್ರ ಜೀಪಿನ ಅಳತೆಯದೇ, ಹಾಗಾಗಿ ಎರಡಕ್ಕೂ ಒಂದೇ ಸ್ಟೆಪ್ನಿ ನಡೆಯುತ್ತಿತ್ತು. ಹೊಳೆ ದಾಟುವಾಗ ತೇಲಲಿ ಅಂತ ತೊಟ್ಟಿಯನ್ನು ನೀರು ಒಳಗೆ ಬಾರದ ಹಾಗೆ ಮುಚ್ಚಿದ್ದರು. ಒಳಗೆ ನಿಂತ ನೀರು ಬಿಡಲು ತಳದಲ್ಲಿ ಬಿರಡೆ ಇತ್ತು.

ಅದೇ ವಂಶದ ಮುಂದಿನ ಕುಡಿ ಎಂ416 ಅನ್ನುವ ಟ್ರೇಲರ್. ಎಂ151 ಜೀಪಿನ ಹಿಂದೆ ಓಡುತ್ತಿದ್ದದ್ದು. ನಮ್ಮ ಬೀದಿಯ ಹಿರಿಯರೊಬ್ಬರ ಹತ್ತಿರ ಒಂದಿದೆ, ಸುತ್ತಲಿನ ಮನೆಯವರೆಲ್ಲ ಕೇಳಿ ಒಯ್ಯುತ್ತಾರೆ. ಅವರ ಜೊತೆ ಹಿತ್ತಿಲಿಗೆ ಮಣ್ಣು ತರಲು ಹೋದಾಗ ನಾನು ಕಂಡದ್ದನ್ನು ಹೇಳಬೇಕು. ಸಲಿಕೆಯಲ್ಲಿ ತುಂಬುತ್ತಿದ್ದೆವು. ತೊಟ್ಟಿಯ ತಳ ಆಗಷ್ಟೇ ಮುಚ್ಚಿ ಒಂದಿಷ್ಟು ಮೇಲೆ ಬಂದಿತ್ತು, ಅಷ್ಟಕ್ಕೇ ಅವರು "ಸಾಕು" ಅಂದರು. ಇದರ ಹೊರೆಯ ಮಿತಿಯೂ ಕಾಲು ಟನ್, ಅಮೆರಿಕದ ಲೆಕ್ಕದಲ್ಲಿ 500 ಪೌಂಡ್, ಸುಮಾರು 227 ಕೆಜಿ. ಒಂದು ಘನ ಗಜ ಮಣ್ಣು ಹೆಚ್ಚುಕಮ್ಮಿ 2,000 ಪೌಂಡ್ ತೂಗುತ್ತದೆ, ಅಂದರೆ ಅದರ ಕಾಲು ಭಾಗಕ್ಕೇ ಮಿತಿ ಮುಗಿಯಿತು. ತೊಟ್ಟಿ ತುಂಬಾ ಒಣ ಎಲೆ ತುಂಬಬಹುದು, ಮಣ್ಣು ತುಂಬುವ ಹಾಗಿಲ್ಲ. ಆಮೇಲೆ ಮಣ್ಣನ್ನು ಚಕ್ರದ ಅಚ್ಚಿಗಿಂತ ಸ್ವಲ್ಪ ಮುಂದಕ್ಕೆ ಎಳೆದರು. ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಕೊಂಡಿಯ ಮೇಲೆ ಕೂರಬೇಕು. ಚಕ್ಕಡಿ ಹಿಂಬಾರವಾದರೆ ನೊಗ ಎತ್ತಿನ ಕೊರಳು ಬಿಟ್ಟು ಮೇಲೇಳುತ್ತದಲ್ಲ, ಇದೂ ಹಾಗೇ. ಹಿಂದೆ ಭಾರ ಜಾಸ್ತಿಯಾದರೆ ಟ್ರೇಲರ್ ಹೈವೇಯಲ್ಲಿ ಬಾಲ ಅಲ್ಲಾಡಿಸುತ್ತದೆ, ಮುಂದಿನ ಗಾಡಿಯನ್ನೂ ಎಳೆದಾಡುತ್ತದೆ.

ಅಂಗಡಿಯಲ್ಲಿ ಸಿಗುವ ಹೊಸ ಅಗ್ಗದ ಟ್ರೇಲರ್‌ಗಳನ್ನೂ ನೋಡಿದ್ದೇನೆ. ಪುಟ್ಟ ಚಕ್ರ, ಜಾಲರಿ ತಳ. ಹಳ್ಳದ ರಸ್ತೆಯಲ್ಲಿ ಕುಣಿಯುತ್ತವೆ. ಮಿಲಿಟರಿಯದು ದಪ್ಪ ತಗಡು, ದೊಡ್ಡ ಚಕ್ರ, ಗಟ್ಟಿ ಪಟ್ಟಾ ಸ್ಪ್ರಿಂಗ್. ಮೂತಿಯ ಕಬ್ಬಿಣದ ಉಂಗುರ ಗಾಡಿಯ ಕೊಕ್ಕೆಯಲ್ಲಿ ಕೂತು, ಏರುತಗ್ಗಿಗೆ ತಕ್ಕಂತೆ ತಿರುಗುತ್ತದೆ. ಖಾಲಿ ಇದ್ದಾಗ ದಾರಿಯುದ್ದಕ್ಕೂ ಕಟಕಟ ಅನ್ನುತ್ತದೆ, ಅದನ್ನು ಸಹಿಸಿಕೊಳ್ಳಬೇಕು.

ತೊಂದರೆಗಳೂ ಇವೆ. ಎಂ416ಗೆ ಹಿಂಬಾಗಿಲಿಲ್ಲ, ಫ್ರಿಜ್‌ನಂಥದ್ದನ್ನು ತೊಟ್ಟಿಯ ಗೋಡೆ ದಾಟಿಸಿ ಎತ್ತಿಡಬೇಕು. ಮಿಲಿಟರಿ ದೀಪಗಳು 24 ವೋಲ್ಟಿನವು, ನಮ್ಮ ಕಾರಿಗೆ 12 ವೋಲ್ಟಿನದ್ದು ಹಾಕಿಸಬೇಕು. ಕೊಳ್ಳುವ ಮುಂಚೆ ತಳದ ತುಕ್ಕು ನೋಡಿ, ಚಕ್ರ ತಿರುಗಿಸಿ ಬೇರಿಂಗ್ ಸದ್ದು ಕೇಳಿ. ಅದರ ಅಣ್ಣ ಎಂ101, ಮುಕ್ಕಾಲು ಟನ್ನಿನದು, ಖಾಲಿ ಇದ್ದಾಗಲೇ 1,300 ಪೌಂಡ್ ದಾಟುತ್ತದೆ. ಸಣ್ಣ ಕಾರಿಗೆ ಅದು ಬೇಡವೇ ಬೇಡ.

ಬೆಂಗಳೂರಲ್ಲಿ ಇದೆಲ್ಲ ಯಾಕೆ, ಫೋನ್ ಮಾಡಿದರೆ ಟಾಟಾ ಏಸ್ ಬಾಗಿಲಿಗೇ ಬರುತ್ತದೆ ಅಂತೀರಿ. ನಿಜ, ಅದು ಇನ್ನೂ ಒಳ್ಳೆಯದು. ಡ್ರೈವರ್‌ಗೂ ದುಡಿಮೆ, ನಮಗೂ ಸಲೀಸು. ಗಾಡಿಯನ್ನೂ ಡಬ್ಬಿಯನ್ನೂ ಹಂಚಿಕೊಳ್ಳುವುದರಲ್ಲಿ ನಮ್ಮವರೇ ಮುಂದು. ಇಲ್ಲಿಯವರು ಅದನ್ನು ಕಲಿಯಬೇಕು.

ಆದರೆ ಇಷ್ಟೇ ಹೊರಬೇಕು ಅನ್ನುವ ಶಿಸ್ತಿನಲ್ಲಿ ನಾವು ತುಂಬಾ ಹಿಂದೆ. ಇಲ್ಲಿ ಟ್ರೇಲರ್ ಕಟ್ಟಿದರೆ ಬ್ರೇಕ್ ದೀಪ ಹೊತ್ತುತ್ತಾ ನೋಡುತ್ತಾರೆ, ಕೊಂಡಿ ಕಳಚಿದರೂ ಟ್ರೇಲರ್ ತಪ್ಪಿಸಿಕೊಂಡು ಓಡದಿರಲಿ ಅಂತ ಸರಪಳಿ ಹಾಕುತ್ತಾರೆ. ಪೆನ್ಸಿಲ್ವೇನಿಯಾದಲ್ಲಿ ಹೊರೆ ಸೇರಿ 3,000 ಪೌಂಡ್ ದಾಟುವ ಟ್ರೇಲರ್‌ಗೆ ಅದರದೇ ಬ್ರೇಕ್ ಇರಬೇಕು. ನಮ್ಮಲ್ಲಿ ಕಬ್ಬಿನ ಹಂಗಾಮಿನಲ್ಲಿ ಒಂದು ಟ್ರ್ಯಾಕ್ಟರ್‌ಗೆ ಎರಡು ಡಬ್ಬಿ, ಮೇಲೆ ಮಾಳಿಗೆಯೆತ್ತರ ಕಬ್ಬು. ಎಷ್ಟೋ ಡಬ್ಬಿಗಳಿಗೆ ಹಿಂದೆ ದೀಪವೇ ಇರುವುದಿಲ್ಲ. ರಾತ್ರಿ ರಸ್ತೆ ಬದಿ ನಿಂತಿದ್ದರೆ ಹಿಂದಿನಿಂದ ಬರುವ ಬೈಕಿನವನಿಗೆ ಹತ್ತಿರ ಬರುವ ತನಕ ಕಾಣುವುದಿಲ್ಲ. ಇಂಥ ಸಾವಿನ ಸುದ್ದಿ ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಕೆಂಪು ರಿಫ್ಲೆಕ್ಟರ್ ಪಟ್ಟಿಗೆ ಅಂಥ ಖರ್ಚೇನಿದೆ? ಹಂಗಾಮು ಶುರುವಾಗುವ ಮುಂಚೆಯೇ ಪ್ರತಿ ಡಬ್ಬಿಯ ಹಿಂದೆ ಅದನ್ನು ಅಂಟಿಸಬೇಕು. ಪಟ್ಟಿ ಇಲ್ಲದ ಡಬ್ಬಿಯನ್ನು ಕಾರ್ಖಾನೆಯವರು ತೂಕಕ್ಕೇ ತಗೋಬಾರದು.