ಬಾಯಿ ಬಿಡದ ಪುಸ್ತಕ

ತುಮಕೂರಿನ ಕಾಲೇಜೊಂದರಲ್ಲಿ ಗ್ರಂಥಪಾಲಕನಾಗಿ ಹತ್ತೊಂಬತ್ತು ವರ್ಷ ಕಳೆದಿದ್ದೇನೆ. ಗೆದ್ದಲು ಹಿಡಿದ ಪುಸ್ತಕ ನೋಡಿದ್ದೇನೆ, ಮಳೆಗೆ ನೆಂದ ಪುಸ್ತಕ ನೋಡಿದ್ದೇನೆ, ಮದುವೆಯಾಗಿ ಊರು ಬಿಟ್ಟ ವಿದ್ಯಾರ್ಥಿನಿಯ ಜೊತೆ ಹೊರಟೇಹೋದ ಪುಸ್ತಕವನ್ನೂ ಕಂಡಿದ್ದೇನೆ. ಆದರೆ ದುಡ್ಡು ಕೊಟ್ಟು ಕೊಂಡ ಪುಸ್ತಕವೊಂದು ಓದುವವಳ ಎದುರು ಬಾಯಿ ಮುಚ್ಚಿಕೊಂಡು ಕುಳಿತದ್ದನ್ನು ಕಂಡದ್ದು ಕಳೆದ ವರ್ಷವೇ ಮೊದಲು.

ಪಾವಗಡದ ಕಡೆಯ ಹುಡುಗಿ, ಅರ್ಥಶಾಸ್ತ್ರದ ಎಂ.ಎ. ಓದುತ್ತಾಳೆ. ಕಣ್ಣು ಕಾಣುವುದಿಲ್ಲ. ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶವನ್ನು ಎಷ್ಟು ವೇಗವಾಗಿ ಓಡಿಸುತ್ತಾಳೆಂದರೆ ಪಕ್ಕದಲ್ಲಿ ಕುಳಿತ ನನಗೆ ಒಂದು ಪದವೂ ಹಿಡಿಯುವುದಿಲ್ಲ. ಅವಳಿಗೆಂದೇ ವಿದೇಶಿ ಪ್ರಕಾಶಕರ ಇ-ಪುಸ್ತಕವೊಂದನ್ನು ತರಿಸಿದೆವು. ತೆರೆದುಕೊಂಡಿತು. ತಂತ್ರಾಂಶ ಮಾತ್ರ ಪುಟದ ಸಂಖ್ಯೆ ಹೇಳಿ ಸುಮ್ಮನಾಯಿತು. ನಕಲು ತಡೆಯಲೆಂದು ಹಾಕಿದ ಡಿಜಿಟಲ್ ಬೀಗ ಅದಕ್ಕೂ ಅಕ್ಷರ ಬಿಟ್ಟುಕೊಡುತ್ತಿರಲಿಲ್ಲ. ಪ್ರಕಾಶಕರಿಗೆ ಬರೆದರೆ ನಿಯಮಾವಳಿಯ ಉತ್ತರ ಬಂತು. "ಹಾಗಾದರೆ ದುಡ್ಡಾದರೂ ವಾಪಸು ಕೊಡುತ್ತಾರೆಯೇ ಸರ್?" ಎಂದಳು. ಅದೂ ಬರಲಿಲ್ಲ.

ಕೊನೆಗೆ ಅದೇ ಪುಸ್ತಕದ ಅಚ್ಚಾದ ಪ್ರತಿ ತರಿಸಿ, ಬಿ.ಎಚ್. ರಸ್ತೆಯ ಜೆರಾಕ್ಸ್ ಅಂಗಡಿಯಲ್ಲಿ ಅದರ ಬೆನ್ನು ಕತ್ತರಿಸಿಸಿ, ಎರಡು ಸಂಜೆ ಕುಳಿತು ಸ್ಕ್ಯಾನ್ ಮಾಡಿಸಿದೆ. ಗ್ರಂಥಪಾಲಕನ ಕೈಯಲ್ಲಿ ಮಾಡಿಸಬಾರದ ಕೆಲಸ ಅದು. ಅಂಗಡಿಯವರು ಯಂತ್ರದ ಮುಚ್ಚಳ ಎತ್ತಿದವರೇ ಕೇಳಿದರು: "ಸಾರ್, ನಾಳೆ ಯಾರಾದರೂ ಕಾಪಿರೈಟ್ ಎಂದು ಬಂದರೆ?"

ಬರಲಿ ಎಂದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿಯಾದಾಗ, ಅಂಗವಿಕಲರು ಓದಬಲ್ಲ ರೂಪಕ್ಕೆ ಕೃತಿಯನ್ನು ಬದಲಿಸುವುದು, ಲಾಭಕ್ಕಲ್ಲದೆ ಅವರ ನಡುವೆ ಹಂಚುವುದು ಉಲ್ಲಂಘನೆಯಲ್ಲ ಎಂದು 52ನೇ ಕಲಮಿನಲ್ಲಿ ಸೇರಿಸಿದರು. ಅದೇ ತಿದ್ದುಪಡಿಯಲ್ಲಿ ಬಂದ 65ಎ ಕಲಮು ಡಿಜಿಟಲ್ ಬೀಗಕ್ಕೂ ರಕ್ಷಣೆ ಕೊಟ್ಟಿದೆ. ಒಡೆದವರಿಗೆ ಎರಡು ವರ್ಷದವರೆಗೆ ಜೈಲು. ಆದರೆ ಹಕ್ಕು ಕದಿಯುವ ಉದ್ದೇಶದಿಂದ ಒಡೆದಿದ್ದರೆ ಮಾತ್ರ. ಕಾಯ್ದೆ ನಿಷೇಧಿಸದ ಕೆಲಸಕ್ಕಾಗಿ ಬೀಗ ತೆಗೆದರೆ ಅಪರಾಧವಿಲ್ಲ. ಕಳ್ಳ ಬೇರೆ, ತನ್ನದೇ ಮನೆಯ ಬೀಗದ ಕೈ ಕಳೆದುಕೊಂಡವನು ಬೇರೆ ಎಂಬಷ್ಟು ಸರಳ ವಿವೇಕ.

ಈ ವಿವೇಕವೇ ವಾಷಿಂಗ್ಟನ್ನಿನಲ್ಲಿ ದೋಷದ ಪಟ್ಟಿಗೆ ಸೇರುತ್ತದೆ. ಅಲ್ಲಿನ ಸಿನಿಮಾ, ಸಂಗೀತ, ಪ್ರಕಾಶನ, ತಂತ್ರಾಂಶ ಉದ್ಯಮಗಳ ಒಕ್ಕೂಟವೊಂದು 1984ರಿಂದಲೂ ಇದೆ. ಯಾವ ದೇಶದ ಕಾನೂನು ತಮಗೆ ಸಾಲದು ಎಂದು ಅದು ಪ್ರತಿ ವರ್ಷ ಅಮೆರಿಕದ ವಾಣಿಜ್ಯ ಪ್ರತಿನಿಧಿಯ ಕಚೇರಿಗೆ ಬರೆದುಕೊಡುತ್ತದೆ. ಆ ಕಚೇರಿ 'ಸ್ಪೆಷಲ್ 301' ಎಂಬ ವರದಿ ಹೊರಡಿಸುತ್ತದೆ. ಅದರ 'ಆದ್ಯತಾ ನಿಗಾ ಪಟ್ಟಿ'ಯಲ್ಲಿ ಭಾರತ ಎಷ್ಟೋ ವರ್ಷಗಳಿಂದ ಕಾಯಂ ವಿದ್ಯಾರ್ಥಿ. ನಮ್ಮ ವಿನಾಯಿತಿಗಳು ಅಗಲವಾದವು, ಬೀಗದ ರಕ್ಷಣೆ ಸಡಿಲ ಎನ್ನುವುದು ಅವರ ದೂರು. ಇದು ಏಕಪಕ್ಷೀಯ, ಒಪ್ಪುವುದಿಲ್ಲ ಎಂದು ನಮ್ಮ ಸರ್ಕಾರ ಹೇಳುತ್ತಲೇ ಬಂದಿದೆ. ಆ ಮಟ್ಟಿಗೆ ಸರಿಯಾಗಿಯೇ ಹೇಳಿದೆ.

ಬಿಗಿಯಾದ ಕಾನೂನು ಹೇಗಿರುತ್ತದೆ ಎಂದು ಅವರ ಮನೆಯಲ್ಲೇ ನೋಡಬಹುದು. 1998ರ ಅವರ ಡಿಜಿಟಲ್ ಕಾಯ್ದೆಯಲ್ಲಿ ಬೀಗ ಒಡೆಯುವುದೇ ತಪ್ಪು. ಯಾರಿಗೆ ವಿನಾಯಿತಿ ಎಂಬುದನ್ನು ಮೂರು ವರ್ಷಕ್ಕೊಮ್ಮೆ ಹೊಸದಾಗಿ ತೀರ್ಮಾನಿಸುತ್ತಾರೆ. ಕುರುಡರ ಇ-ಪುಸ್ತಕದ ವಿನಾಯಿತಿಯೂ ಅದೇ ಸರದಿಯಲ್ಲಿ ನಿಲ್ಲಬೇಕು. ಅದಕ್ಕೆ ಒಪ್ಪಿಗೆ ಕೊಡುವವರು ಲೈಬ್ರರಿ ಆಫ್ ಕಾಂಗ್ರೆಸ್ಸಿನ ಮುಖ್ಯಸ್ಥರು, ಅಂದರೆ ನನ್ನದೇ ವೃತ್ತಿಯವರು. (ನನ್ನ ಅಧಿಕಾರವೆಲ್ಲ ದಿನಕ್ಕೊಂದು ರೂಪಾಯಿ ದಂಡ ಹಾಕುವವರೆಗೆ.)

ಕಣ್ಣಿಲ್ಲದವರ ಓದಿಗಾಗಿ ಮರಾಕೇಶ್ ಒಪ್ಪಂದ ರೂಪುಗೊಂಡದ್ದು 2013ರಲ್ಲಿ. ಅದನ್ನು ಮೊಟ್ಟಮೊದಲು ಅಂಗೀಕರಿಸಿದ ದೇಶ ಭಾರತ, 2014ರಲ್ಲಿ. ಅಮೆರಿಕ ಅಲ್ಲಿಗೆ ತಲುಪಿದ್ದು 2019ರಲ್ಲಿ. ಅದೇ ವರ್ಷ ದಕ್ಷಿಣ ಆಫ್ರಿಕಾದ ಕೃತಿಸ್ವಾಮ್ಯ ತಿದ್ದುಪಡಿ ಮಸೂದೆ ತಮಗೆ ಒಗ್ಗದೆ, ಆ ದೇಶಕ್ಕಿದ್ದ ಸುಂಕದ ರಿಯಾಯಿತಿಯನ್ನೇ ಮರುಪರಿಶೀಲಿಸಿ ಎಂದು ಮೇಲೆ ಹೇಳಿದ ಒಕ್ಕೂಟ ಅರ್ಜಿ ಹಾಕಿತು, ಪರಿಶೀಲನೆಯೂ ಶುರುವಾಯಿತು. ಕುರುಡರ ಓದಿನ ಕಲಮೂ ಆ ಮಸೂದೆಯೊಳಗೇ ಇತ್ತು. 2020ರಲ್ಲಿ ಅಲ್ಲಿನ ಅಧ್ಯಕ್ಷರು ಸಂವಿಧಾನದ ಕಾರಣ ಕೊಟ್ಟು ಮಸೂದೆಯನ್ನು ಸಂಸತ್ತಿಗೆ ಹಿಂದಿರುಗಿಸಿದರು. ಅವರ ಮನಸ್ಸಿನಲ್ಲಿ ಏನಿತ್ತೋ ನಾನು ಹೇಳಲಾರೆ. ಕಡೆಗೆ ಅಲ್ಲಿನ ಅಂಧರು ಸಂವಿಧಾನ ನ್ಯಾಯಾಲಯದ ಮೆಟ್ಟಿಲು ಹತ್ತಿ 2022ರಲ್ಲಿ ಆ ಹಕ್ಕು ಪಡೆಯಬೇಕಾಯಿತು.

ಇನ್ನೊಂದು ಮಾತು ಹೇಳದೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರೆ. ಪಾಠ ಹೇಳುವ ಈ ಅಮೆರಿಕ 1891ರವರೆಗೆ ವಿದೇಶಿ ಲೇಖಕರಿಗೆ ಕೃತಿಸ್ವಾಮ್ಯವನ್ನೇ ಕೊಡುತ್ತಿರಲಿಲ್ಲ. ಇಂಗ್ಲೆಂಡಿನವರ ಪುಸ್ತಕಗಳನ್ನು ಅಲ್ಲಿನ ಮುದ್ರಕರು ಕೇಳುವವರಿಲ್ಲದೆ ಅಚ್ಚು ಹಾಕಿ ಮಾರಿದರು. ಒಂದು ದೇಶದ ಲೇಖಕರ ಹಕ್ಕನ್ನು ಇನ್ನೊಂದು ದೇಶವೂ ಕಾಯಬೇಕೆನ್ನುವ ಬರ್ನ್ ಒಡಂಬಡಿಕೆಗೆ ಅದು ಸೇರಿದ್ದು 1989ರಲ್ಲಿ. ನಾವು 1928ರಿಂದಲೇ ಅದರಲ್ಲಿದ್ದೇವೆ. ತಾನು ಓದಿ ಬೆಳೆಯುವ ಕಾಲದಲ್ಲಿ ಬಾಗಿಲು ತೆರೆದಿಟ್ಟುಕೊಂಡಿದ್ದವರು ಈಗ ನಮ್ಮ ಕಿಟಕಿ ಎಷ್ಟು ಅಗಲ ಎಂದು ಅಳೆಯುತ್ತಿದ್ದಾರೆ.

ಕದಿಯುವವರ ಪರ ನಾನು ವಾದಿಸುತ್ತಿಲ್ಲ. ಶುಕ್ರವಾರ ಬಿಡುಗಡೆಯಾದ ಕನ್ನಡ ಸಿನಿಮಾ ಶನಿವಾರ ಟೆಲಿಗ್ರಾಮಿನಲ್ಲಿ ಸಿಕ್ಕರೆ ಕೆಡುವುದು ಹಾಲಿವುಡ್ಡಿನ ಹೊಟ್ಟೆಯಲ್ಲ, ಇಲ್ಲಿಯವರದು. ಚಿತ್ರಮಂದಿರದಲ್ಲಿ ಕದ್ದು ಚಿತ್ರೀಕರಿಸುವವರಿಗೆ 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಮೂರು ತಿಂಗಳಿಂದ ಮೂರು ವರ್ಷದ ಜೈಲು, ಕನಿಷ್ಠ 3 ಲಕ್ಷ ರೂಪಾಯಿ ದಂಡ ಇಟ್ಟಿದೆ. ವಿದೇಶಿ ಉದ್ಯಮವೂ ಇದನ್ನು ಕೇಳುತ್ತಿತ್ತು, ನಮ್ಮ ನಿರ್ಮಾಪಕರೂ ಕೇಳುತ್ತಿದ್ದರು. ನನಗೂ ಒಪ್ಪಿಗೆಯೇ. ನನ್ನ ತಕರಾರು, ಆ ಕಳ್ಳನನ್ನು ತೋರಿಸಿ ನನ್ನ ಪಾವಗಡದ ಹುಡುಗಿಯ ಪುಸ್ತಕಕ್ಕೂ ಬೀಗ ಜಡಿಯುವುದರ ಬಗ್ಗೆ.

ಕೃತಿಸ್ವಾಮ್ಯದ ಅವಧಿಯದೂ ಇದೇ ಕಥೆ. ನಮ್ಮಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ. ಅದು ಮೊದಲು 50 ಇತ್ತು. ಟಾಗೋರರ ಕೃತಿಗಳ ಹಕ್ಕು ಮುಗಿಯುತ್ತದೆಂದು ನಾವೇ ಹತ್ತು ವರ್ಷ ಹೆಚ್ಚಿಸಿಕೊಂಡೆವು, ಅದಕ್ಕೆ ಹೊರಗಿನವರನ್ನು ದೂರುವಂತಿಲ್ಲ. ಆಸ್ಟ್ರೇಲಿಯಾ ಮಾತ್ರ 2005ರಲ್ಲಿ ಅಮೆರಿಕದ ಜೊತೆಗಿನ ವಾಣಿಜ್ಯ ಒಪ್ಪಂದಕ್ಕಾಗಿ 50 ಇದ್ದದ್ದನ್ನು 70 ಮಾಡಿಕೊಂಡಿತು. ನಾವೂ ಹಾಗೆ ತಲೆಯಾಡಿಸಿದರೆ? ನಮ್ಮ ಜಿಲ್ಲೆಯವರೇ ಆದ, 'ಭಾರತೀಯ ಕಾವ್ಯಮೀಮಾಂಸೆ' ಬರೆದ ತೀ.ನಂ.ಶ್ರೀ. ತೀರಿಕೊಂಡದ್ದು 1966ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದ ಪುಸ್ತಕಗಳು 2027ರ ಜನವರಿ 1ಕ್ಕೆ ಎಲ್ಲರ ಸ್ವತ್ತಾಗುತ್ತವೆ. 70 ಆಗಿದ್ದರೆ 2037. ಆ ಹತ್ತು ವರ್ಷದಲ್ಲಿ ಕಾವ್ಯಮೀಮಾಂಸೆ ಓದಬೇಕಾದ ಎಷ್ಟು ಬ್ಯಾಚು ದಾಟಿಹೋಗುತ್ತವೆ ಎಂದು ನಾನು ಬೆರಳು ಮಡಿಸಿ ಎಣಿಸುತ್ತೇನೆ, ಅದು ನನ್ನ ಕಸುಬು.

ಬೇಸರವಿರುವುದು ನಮ್ಮವರ ಮೇಲೂ. ಅವರ ಒಕ್ಕೂಟ ತಪ್ಪದೆ ವರ್ಷಕ್ಕೊಮ್ಮೆ ಬರೆಯುತ್ತದೆ. ನಾವು ಗ್ರಂಥಪಾಲಕರು, ಮೇಷ್ಟ್ರುಗಳು ನಮ್ಮದೇ ಸರ್ಕಾರಕ್ಕೆ ಒಂದು ಪುಟ ಬರೆದಿದ್ದೇವೆಯೇ? ನಾನಂತೂ ಈವರೆಗೆ ಬರೆದಿರಲಿಲ್ಲ.

ಕಳೆದ ವಾರ ಹುಡುಗಿ ಮತ್ತೆ ಬಂದಿದ್ದಳು. ಸ್ಕ್ಯಾನಿನಲ್ಲಿ ಕೋಷ್ಟಕಗಳೆಲ್ಲ ಕಲಸುಮೇಲೋಗರವಾಗಿವೆ ಎಂದು ಮೊದಲು ಬೈದಳು. ಆಮೇಲೆ ಚಿಕ್ಕಬಳ್ಳಾಪುರದಲ್ಲಿ ತನ್ನಂಥದೇ ಗೆಳತಿಯೊಬ್ಬಳಿದ್ದಾಳೆ, ಅವಳಿಗೂ ಈ ಕಡತ ಕಳಿಸಬಹುದೇ ಎಂದು ಕೇಳಿದಳು. ಕಳಿಸಬಹುದು ಎಂದೆ. ಹಳೆಯ ಅಭ್ಯಾಸ, ವಿತರಣಾ ರಿಜಿಸ್ಟರಿನಲ್ಲಿ ದಿನಾಂಕ ಬರೆದುಕೊಂಡೆ. ಹಿಂದಿರುಗಿಸಬೇಕಾದ ದಿನದ ಅಂಕಣವನ್ನು ಖಾಲಿ ಬಿಟ್ಟೆ.