ಮೇ ತಿಂಗಳ ಮದುವೆಗೆ ಕೋಟು ಬೇಕಾ?

ಪರ: ಸೆಕೆ ಆಯಿತು, ಹೌದು. ಅದಕ್ಕೆ?
(ಬರೆದವನು ಅಳಿಯ, ಕಳೆದ ಮೇಯ ಮದುಮಗ)

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸೆಕೆ ಆಯಿತು. ಜಾಸ್ತಿಯೇ ಆಯಿತು.

ಮೇ ಎರಡನೇ ವಾರ, ಮಂಗಳೂರಿನ ಒಂದು ಹಾಲ್. ಎಸಿ ಇಲ್ಲ. ಫ್ಯಾನ್ ಇತ್ತು, ಅದು ತಟ್ಟೆಯ ಅಕ್ಷತೆ ಹಾರಿಸುವ ಕೆಲಸ ಮಾತ್ರ ಮಾಡುತ್ತಿತ್ತು. ಧಾರೆ ಮುಗಿಯುವವರೆಗೆ ಪಂಚೆ, ಶಲ್ಯ. ಆಮೇಲೆ ಕಡುನೀಲಿ ಕೋಟು, ವೇಸ್ಟ್‌ಕೋಟು, ಟೈ. ವೇದಿಕೆ ಮೇಲೆ ಮೂರು ಗಂಟೆ ನಿಂತೆ. ವಿಡಿಯೋದವರ ಲೈಟು ಬೇರೆ. ಬೆನ್ನಿನ ಮೇಲೆ ಬೆವರು ಸಾಲಾಗಿ ಇಳಿಯುತ್ತಿತ್ತು. ಆದರೆ ಅದು ಕೋಟಿನೊಳಗಿನ ವಿಷಯ. ಬಂದವರಿಗೆ ಕಂಡದ್ದು ಮದುಮಗ ಮಾತ್ರ.

ಬಂದವರಲ್ಲಿ ಹತ್ತಕ್ಕೆ ಎಂಟು ಮಂದಿ ಕೈ ಕುಲುಕಿ ಕೇಳಿದ್ದು ಒಂದೇ ಪ್ರಶ್ನೆ. "ಸೆಕೆ ಆಗುವುದಿಲ್ವಾ ಮಾರಾಯ?"

ಪಕ್ಕದಲ್ಲಿ ನನ್ನ ಹೆಂಡತಿ ನಿಂತಿದ್ದಳು. ಜರಿಯ ದಪ್ಪ ರೇಷ್ಮೆ ಸೀರೆ, ಮೊಣಕೈಯವರೆಗೆ ಬಳೆ, ಕುತ್ತಿಗೆಗೆ ಮೂರು ಸುತ್ತು ಚಿನ್ನ, ಜಡೆಯಲ್ಲಿ ಒಂದಿಡೀ ಅಟ್ಟೆ (ನಾಲ್ಕು ಚೆಂಡು) ಶಂಕರಪುರ ಮಲ್ಲಿಗೆ. ಅವಳನ್ನು ಒಬ್ಬರೂ ಕೇಳಲಿಲ್ಲ. ನಾನು ತೂಕ ಹಾಕಿ ನೋಡಿಲ್ಲ, ಆದರೆ ನನ್ನ ಕೋಟು ಅವಳ ಸೀರೆಗಿಂತ ಹಗುರವೇ ಇರಬೇಕು.

ಈ ಪ್ರಶ್ನೆಯನ್ನು ಎಲ್ಲರಿಗಿಂತ ಜೋರಾಗಿ ಕೇಳಿದವರು ನನ್ನ ಸೋದರಮಾವ. ತಮಾಷೆ ಎಂದರೆ ಅವರು ದರ್ಜಿ. ಮೂವತ್ತೆರಡು ವರ್ಷ ಬೇರೆಯವರ ಕೋಟು ಹೊಲಿದು ಮಕ್ಕಳನ್ನು ಓದಿಸಿದವರು. ನಾನು ಅಳತೆ ಕೊಡಲಿಕ್ಕೆ ಹೋದರೆ ಕುತ್ತಿಗೆಯಲ್ಲಿದ್ದ ಟೇಪು ತೆಗೆಯಲೇ ಇಲ್ಲ. "ಡಿಸೆಂಬರಿನಲ್ಲಿ ಮದುವೆಯಾಗು, ಹೊಲಿದು ಕೊಡುತ್ತೇನೆ" ಅಂದರು. ಡಿಸೆಂಬರಿಗೆ ಹೆಂಡತಿಯ ಮನೆಯವರು ಒಪ್ಪಬೇಡವಾ? ಬೆಂಗಳೂರಿನಲ್ಲಿ ರೆಡಿಮೇಡ್ ತೆಗೆದುಕೊಂಡೆ.

ಮಾವನಿಗೆ ಯಕ್ಷಗಾನದ ಹುಚ್ಚು. ನವೆಂಬರಿನಿಂದ ಪತ್ತನಾಜೆಯವರೆಗೆ, ಅಂದರೆ ಮೇ 24ರ ಸುಮಾರಿಗೆ ಮೇಳಗಳು ಗೆಜ್ಜೆ ಬಿಚ್ಚುವವರೆಗೆ, ವಾರಕ್ಕೆ ಒಂದಾದರೂ ಆಟ ನೋಡಬೇಕು. ಹಾಗಾಗಿ ಅವರಿಗೆ ನನ್ನ ಪ್ರಶ್ನೆ ಅಲ್ಲಿಂದಲೇ. ತೆಂಕುತಿಟ್ಟಿನ ಬಣ್ಣದ ವೇಷ, ಅಂದರೆ ತೆಂಕು ಶೈಲಿಯ ರಾಕ್ಷಸ ಪಾತ್ರ ನೋಡಿ ಮಾವ. ಮುಖಕ್ಕೆ ಅಕ್ಕಿಹಿಟ್ಟು-ಸುಣ್ಣದ ಚುಟ್ಟಿ, ಒಂದೊಂದೇ ಮುಳ್ಳು ಇಟ್ಟು ಒಣಗಿಸಬೇಕು. ತಲೆಗೆ ಅಷ್ಟು ದೊಡ್ಡ ಕೇಸರಿತಟ್ಟಿ ಕಿರೀಟ. ಮೈಗೆ ಪದರದ ಮೇಲೆ ಪದರ. ನಾವು ವೇಷ 'ಹಾಕುವುದು' ಎನ್ನುವುದಿಲ್ಲ, 'ಕಟ್ಟುವುದು' ಎನ್ನುತ್ತೇವೆ. ಮೂಟೆ ಕಟ್ಟಿದ ಹಾಗೆಯೇ ಕಟ್ಟುತ್ತಾರೆ. ಅದೂ ಏಪ್ರಿಲ್ ರಾತ್ರಿ, ಎಲೆ ಅಲ್ಲಾಡದ ಸೆಕೆಯಲ್ಲಿ. ಇಷ್ಟು ವರ್ಷದಲ್ಲಿ ಯಾರಾದರೂ ಚೌಕಿಗೆ (ಬಣ್ಣದ ಮನೆಗೆ) ಹೋಗಿ ರಾವಣನ ಹತ್ತಿರ "ಸೆಕೆ ಆಗುವುದಿಲ್ವಾ" ಅಂತ ಕೇಳಿದ್ದುಂಟಾ? ಲುಂಗಿ, ಬೈರಾಸಿನಲ್ಲಿ ಬಂದರೆ ಆರಾಮ ಅಲ್ವಾ ಅಂತ ಸಲಹೆ ಕೊಟ್ಟದ್ದುಂಟಾ? ಮದುವೆ ದಿನ ನಾನೂ ಒಂದು ವೇಷ. ಮರುದಿನ ಬೆಳಗ್ಗೆ ಅದೇ ಬನಿಯನ್, ಅದೇ ನೀರುದೋಸೆ.

ಇನ್ನೊಂದು ಮಾತು. ಕೋಟು ನಮ್ಮ ಊರಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಪಂಜೆ ಮಂಗೇಶರಾಯರ (1874–1937) ಫೋಟೋ ನೋಡಿದವರಿಗೆ ಗೊತ್ತು: ತಲೆಗೆ ಪೇಟ, ಮೈಗೆ ಕೋಟು. ನಮ್ಮ ಚಾವಡಿಯ ಗೋಡೆಯಲ್ಲಿ ಮುತ್ತಜ್ಜನ ಫೋಟೋ ಇದೆ. ಕಚ್ಚೆ ಪಂಚೆ, ಮೇಲೆ ಕುತ್ತಿಗೆವರೆಗೆ ಗುಂಡಿ ಹಾಕಿದ ಕೋಟು. ಕಾಲಿಗೆ ಚಪ್ಪಲಿ ಇಲ್ಲ! ಚಪ್ಪಲಿಗಿಂತ ಮೊದಲು ಕೋಟು ಬೇಕು ಅಂತ ಅವರಿಗೆ ಅನಿಸಿತ್ತು. ನಮ್ಮ ಕೆಥೊಲಿಕ್ ಗೆಳೆಯರ ಮನೆಗಳಲ್ಲಿ ಮದುವೆಯ ಮುನ್ನಾದಿನ ರೋಸ್, ಅಂದರೆ ತೆಂಗಿನ ಹಾಲಿನ ಸ್ನಾನ. ಮರುದಿನ ಇಗರ್ಜಿಗೆ ಕೋಟು. ತಲೆಮಾರುಗಳಿಂದ ಹೀಗೆಯೇ. ವಕೀಲರಂತೂ ದಿನಾ ಕರಿಕೋಟಿನಲ್ಲಿ ಕೋರ್ಟಿಗೆ ಹೋಗುತ್ತಾರೆ. ಅವರೆಲ್ಲ ಬದುಕಿಲ್ಲವಾ?

ಬಟ್ಟೆಯ ವಿಚಾರವನ್ನೂ ಓದಿಕೊಂಡೆ. ಉಣ್ಣೆ ಎಂದ ಕೂಡಲೇ ನಮ್ಮವರಿಗೆ ಸೆಕೆ ಶುರುವಾಗುತ್ತದೆ. ಆದರೆ ಉಣ್ಣೆ ತನ್ನ ತೂಕದ ಸುಮಾರು ಶೇ 30ರಷ್ಟು ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನಿಸುವುದಿಲ್ಲ.

ಇಷ್ಟೆಲ್ಲ ಹೇಳಿದರೂ ನಿಜವಾದ ಕಾರಣ ಬೇರೆ. ಮುಂಬೈಯಿಂದ ಮತ್ಸ್ಯಗಂಧ ರೈಲಿನಲ್ಲಿ ರಾತ್ರಿಯಿಡೀ ಕೂತು ಬಂದ ಚಿಕ್ಕಮ್ಮ, ರಜೆ ಸಿಗದೆ ಸುಳ್ಳು ಹೇಳಿ ಬಂದ ಗೆಳೆಯ, ಇವರೆಲ್ಲ ಬೆವರುತ್ತಲೇ ಸಾಲಿನಲ್ಲಿ ನಿಂತಿದ್ದರು. ಅವರ ಎದುರು ನಾನೊಬ್ಬನೇ ಗಾಳಿಗೆ ಮೈಬಿಟ್ಟು ಹಾಯಾಗಿ ನಿಂತರೆ ಏನೋ ಸರಿ ಕಾಣುವುದಿಲ್ಲ. ಕಷ್ಟಪಟ್ಟು ಬಂದವರನ್ನು ಸ್ವಲ್ಪ ಕಷ್ಟಪಟ್ಟೇ ಎದುರುಗೊಳ್ಳಬೇಕು ಅಂತ ನನಗೆ ಅನಿಸಿತು.

ಅಪ್ಪ ಜೀವನದಲ್ಲಿ ಕೋಟು ಹಾಕಿದವರಲ್ಲ. ಟೈ ಕಟ್ಟುವುದನ್ನು ಯೂಟ್ಯೂಬ್ ನೋಡಿ ಕಲಿತಿದ್ದರು, ನನಗೆ ಹೇಳದೆ. ಕೋಣೆಯಲ್ಲಿ ನನ್ನನ್ನು ನಿಲ್ಲಿಸಿ ಎರಡು ಸಲ ಕಟ್ಟಿ ಬಿಚ್ಚಿದರು. ಮೂರನೇ ಸಲ ಸರಿಯಾಯಿತು. ಆಮೇಲೆ ಕೂದಲಿನಿಂದ ಕಾಲರಿನ ಮೇಲೆ ಉದುರಿದ್ದ ಅಕ್ಷತೆಯನ್ನು ಒಂದೊಂದೇ ಕಾಳು ಹೆಕ್ಕಿದರು. ಆ ಹೊತ್ತಿನಲ್ಲಿ ಸೆಕೆ ಇತ್ತಾ ಇಲ್ಲವಾ ನನಗೆ ನೆನಪಿಲ್ಲ.

ವಿರೋಧ: ಎದೆಯ ಮೇಲೆ ಎಂಟು ಪದರ
(ಬರೆದವರು ಮಾವ, ದರ್ಜಿ)

ಅಳಿಯ ಬರೆದದ್ದನ್ನು ಓದಿದೆ. ಅಂಚಿನ ಹೊಲಿಗೆ ಚೆನ್ನಾಗಿದೆ. ಒಳಗೆ ಬಿಗಿ ಕೊಡುವ ಬಕ್ರಮ್ ಇಲ್ಲ.

ಮೊದಲು ಉಣ್ಣೆಯ ಲೆಕ್ಕ. ಅವನು ಹೇಳಿದ್ದು ಸರಿ. ಆದರೆ ತನ್ನ ಕೋಟಿನ ಒಳಜೇಬಿನ ಹತ್ತಿರ ಇರುವ ಚಿಕ್ಕ ಪಟ್ಟಿಯನ್ನು ಅವನು ಓದಿಲ್ಲ. ನಾನು ಓದಿದೆ. 65 ಪಾಲು ಪಾಲಿಯೆಸ್ಟರ್, 35 ಪಾಲು ವಿಸ್ಕೋಸ್. ಲೈನಿಂಗ್ ಪೂರ್ತಿ ಪಾಲಿಯೆಸ್ಟರ್. ಕುರಿಯ ಒಂದು ಕೂದಲೂ ಅದರಲ್ಲಿಲ್ಲ.

ಇನ್ನು ಸೆಕೆಯ ಲೆಕ್ಕ. ಏಪ್ರಿಲಿನಲ್ಲಿ ಬೆಂಗಳೂರಿನಲ್ಲೂ ಬಿಸಿಲು 34 ಡಿಗ್ರಿಯ ಹತ್ತಿರ ಹೋಗುತ್ತದೆ, ಇಲ್ಲೂ ಹೆಚ್ಚು ಕಡಿಮೆ ಅಷ್ಟೇ. ಹಾಗಾದರೆ ಅಲ್ಲಿ ಕೋಟು ಹಾಕಿದವನು ನಗುತ್ತಾನೆ, ಇಲ್ಲಿ ಹಾಕಿದವನು ಕರ್ಚೀಫು ಹಿಂಡುತ್ತಾನೆ, ಯಾಕೆ? ಬೆವರು ಬಂದರೆ ಮೈ ತಣ್ಣಗಾಗುವುದಿಲ್ಲ. ಬಂದ ಬೆವರು ಆರಿದರೆ ಆಗುತ್ತದೆ. ನಮ್ಮ ಕಡಲ ಬದಿಯ ಗಾಳಿ ಮೊದಲೇ ನೀರು ಕುಡಿದು ಕೂತಿದೆ, ಇನ್ನೊಬ್ಬರ ಬೆವರಿಗೆ ಅಲ್ಲಿ ಜಾಗ ಇಲ್ಲ. ಅದರ ಮೇಲೆ ಕೋಟು. ಎಣಿಸಿ ನೋಡಿ. ಬನಿಯನ್, ಶರ್ಟು, ವೇಸ್ಟ್‌ಕೋಟಿನ ಲೈನಿಂಗ್, ಅದರ ಫ್ಯೂಸಿಂಗ್ (ಒಳಗೆ ಅಂಟಿಸುವ ಗಟ್ಟಿ ಬಟ್ಟೆ), ಅದರ ಬಟ್ಟೆ, ಕೋಟಿನ ಲೈನಿಂಗ್, ಅದರ ಫ್ಯೂಸಿಂಗ್, ಕೊನೆಗೆ ಹೊರಬಟ್ಟೆ. ಎದೆಯ ಮೇಲೆ ಎಂಟು ಪದರ. ಹೆಗಲಿನ ಪ್ಯಾಡು, ಟೈ ಬೇರೆ. ಲೈಟಿನವನು ಎದುರಿಗೆ.

ವೇಸ್ಟ್‌ಕೋಟನ್ನು ಆಸ್ಥಾನದ ಉಡುಪಾಗಿ ತಂದವನು ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ರಾಜ, 1666ರಲ್ಲಿ. ಅವನ ಊರಿನ ಚಳಿಗೆ ಅದು ಸರಿ. ನಮ್ಮ ಊರಿಗೆ ಬಾಸೆಲ್ ಮಿಶನ್ನಿನವರು ಬಂದದ್ದು 1834ರಲ್ಲಿ. ಚಳಿ ದೇಶದಿಂದ ಬಂದ ಕ್ರೈಸ್ತ ಪಾದ್ರಿಗಳು. ಅವರು ಮಂಗಳೂರಿನ ಬಲ್ಮಠದಲ್ಲಿ ನೇಯ್ಗೆ ಕಾರ್ಖಾನೆ ಹಾಕಿ ನೇಯ್ದದ್ದು ಹತ್ತಿ ಬಟ್ಟೆ. ಖಾಕಿ ಬಣ್ಣ ಹುಟ್ಟಿದ್ದೂ ಆ ಕಾರ್ಖಾನೆಯಲ್ಲೇ ಅಂತ ಊರಲ್ಲಿ ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ಹೊರಗಿನಿಂದ ಬಂದವರಿಗೆ ತಿಳಿದದ್ದು ನಮ್ಮವರಿಗೆ ಬೇಡ.

ಮುತ್ತಜ್ಜನ ಫೋಟೋವನ್ನು ಸಾಕ್ಷಿಗೆ ಕರೆದಿದ್ದಾನೆ. ಆ ಕಾಲದ ಕೋಟುಗಳು ನನ್ನ ಗುರುಗಳ ಅಂಗಡಿಗೆ ರಿಪೇರಿಗೆ ಬರುತ್ತಿದ್ದವು. ನಾನೇ ಬಿಚ್ಚಿದ್ದೇನೆ. ಹೆಚ್ಚಿನವು ಹತ್ತಿಯ ಡ್ರಿಲ್ ಬಟ್ಟೆ, ಬೆನ್ನಿಗೆ ಲೈನಿಂಗ್ ಇಲ್ಲ, ಫ್ಯೂಸಿಂಗ್ ಅಂತೂ ಯಾರೂ ಕೇಳಿರದ ಹೆಸರು. ಅದೂ ಅಲ್ಲದೆ ಕೆಳಗೆ ಪಂಚೆ. ಗಾಳಿ ಕೆಳಗಿನಿಂದ ಬರುತ್ತದೆ. ಮುತ್ತಜ್ಜ ದಡ್ಡರಲ್ಲ.

ವಕೀಲರ ಮಾತು ಹೇಳಿದ. ಬೇಸಗೆಯಲ್ಲಿ ಕರಿಕೋಟು ಕಡ್ಡಾಯ ಅಲ್ಲ ಅಂತ ವಕೀಲರ ಪರಿಷತ್ತಿನ ನಿಯಮವೇ ಇದೆ. ಸುಪ್ರೀಂ ಕೋರ್ಟು, ಹೈಕೋರ್ಟಿನಲ್ಲಿ ಮಾತ್ರ ಆ ವಿನಾಯಿತಿ ಇಲ್ಲ. ಕೋರ್ಟಿಗೇ ಇಷ್ಟು ದಯೆ ಇರುವಾಗ ಮದುವೆಯ ಹಾಲಿಗೆ ಯಾಕೆ ಇಲ್ಲ?

ಯಕ್ಷಗಾನ. ಇಲ್ಲಿ ಅವನು ನನ್ನನ್ನು ಸ್ವಲ್ಪ ಸಿಕ್ಕಿಸಿದ್ದಾನೆ. ಏಪ್ರಿಲ್ ಸೆಕೆಯಲ್ಲಿ ಆಟ ನಡೆಯುತ್ತದೆ, ವೇಷ ಭಾರ, ಎಲ್ಲ ಹೌದು. ಆದರೆ ರಾವಣ ಮೂರು ಗಂಟೆ ಒಂದೇ ಕಡೆ ನಿಂತು ಕೈ ಕುಲುಕುವುದಿಲ್ಲ. ತನ್ನ ಪ್ರವೇಶ ಮುಗಿದರೆ ಚೌಕಿಗೆ ಬಂದು ಕಿರೀಟ ಇಳಿಸಿ ಕೂರುತ್ತಾನೆ. ಆ ಭುಜಕೀರ್ತಿ, ಎದೆಪದಕ ಎಲ್ಲ ಹಗುರ ಮರದಲ್ಲಿ ಕೆತ್ತಿದ್ದು, ಆಟಕ್ಕೆಂದೇ ಮಾಡಿದ್ದು. ಅಳಿಯನ ಕೋಟು ಯಾವ ಆಟಕ್ಕೆ ಮಾಡಿದ್ದು? ಎಸಿ ಆಫೀಸಿನಲ್ಲಿ ಕುರ್ಚಿಯ ಮೇಲೆ ಕೂತುಕೊಳ್ಳಲಿಕ್ಕೆ.

ಅವನು ದೊಡ್ಡವನು, ಬೆವರಲಿ. ನನಗೆ ಸಿಟ್ಟು ಬರುವುದು ಮಕ್ಕಳನ್ನು ನೋಡುವಾಗ. ಈಗ ಐದು ವರ್ಷದ ಹುಡುಗರಿಗೂ ತ್ರೀ ಪೀಸ್, ಬೋ ಟೈ. ಅವನದೇ ಮದುವೆಯಲ್ಲಿ ಒಂದು ಮಗು ಒಂದೇ ಸಮನೆ ಅಳುತ್ತಿತ್ತು. ಹಸಿವೆ ಅಂದರು, ಗಡ್‌ಬಡ್ ಐಸ್‌ಕ್ರೀಮ್ ತಂದು ಕೊಟ್ಟರು, ದೃಷ್ಟಿ ಅಂದರು. ನಾನು ಕೂರಿಸಿಕೊಂಡು ಕೋಟು, ವೇಸ್ಟ್‌ಕೋಟು ಬಿಚ್ಚಿದೆ. ಕುತ್ತಿಗೆ, ಬೆನ್ನು ತುಂಬ ಬೆವರುಗುಳ್ಳೆ. ಬನಿಯನಿನಲ್ಲಿ ಬಿಟ್ಟ ಕೂಡಲೇ ಹಾಲಿನ ಆ ತುದಿಯಿಂದ ಈ ತುದಿಗೆ ಓಡಲು ಶುರು ಮಾಡಿತು. ಅದರ ಅಮ್ಮ ನನ್ನನ್ನು ನೋಡಿದ ನೋಟ ಮಾತ್ರ ಇನ್ನೂ ಮರೆತಿಲ್ಲ. ಫೋಟೋ ಆಗಿರಲಿಲ್ಲವಂತೆ.

ಸುಮ್ನೆ ಒಂದು ಮಾತು, ಕಸುಬಿನವನಾಗಿ. ಹೊಸ ಕೋಟಿನ ಹಿಂದಿನ ಸೀಳಿನಲ್ಲಿ ದಾರದ ಗುಣಾಕಾರ ಚಿಹ್ನೆ ಇರುತ್ತದೆ. ಅಂಗಡಿಯಲ್ಲಿ ಮಡಿಕೆ ಕೆಡಬಾರದು ಅಂತ ಹಾಕಿದ್ದು. ಮನೆಗೆ ತಂದು ಕತ್ತರಿಸಬೇಕು. ಜೇಬೂ ಹಾಗೆಯೇ, ಕಚ್ಚಾ ಹೊಲಿಗೆ ಬಿಚ್ಚಿದರೆ ತೆರೆಯುತ್ತದೆ. ಅಳಿಯ ಮೂರು ಗಂಟೆ ಆ ಚಿಹ್ನೆ ಹೊತ್ತುಕೊಂಡೇ ನಿಂತಿದ್ದ. ಹೇಳೋಣ ಅಂದರೆ ವೇದಿಕೆ ಹತ್ತುವ ಸಾಲು ಉದ್ದ ಇತ್ತು.

ಹಾಗಾದರೆ ಏನು ಹಾಕಬೇಕು ಅಂತ ಕೇಳಬಹುದು. ಕೈಮಗ್ಗಕ್ಕೆ ದೇಶದಲ್ಲೇ ಮರ್ಯಾದೆ ತಂದುಕೊಟ್ಟ ಕಮಲಾದೇವಿ ಚಟ್ಟೋಪಾಧ್ಯಾಯ 1903ರಲ್ಲಿ ಹುಟ್ಟಿದ್ದು ಮಂಗಳೂರಿನಲ್ಲಿ. ಕಿನ್ನಿಗೋಳಿಯ ಹತ್ತಿರ ತಾಳಿಪಾಡಿಯಲ್ಲಿ ಉಡುಪಿ ಸೀರೆ ನೇಯುವ ಮಗ್ಗದ ಸದ್ದು ಈಗಲೂ ಕೇಳುತ್ತದೆ. ಒಂದು ಒಳ್ಳೆಯ ಜುಬ್ಬಾ, ಪಂಚೆ ಸಾಲದಾ? ಇಲ್ಲಿಯವರೇ ಆದ ಜಾರ್ಜ್ ಫೆರ್ನಾಂಡಿಸ್ 1998ರಲ್ಲಿ ದೇಶದ ರಕ್ಷಣಾ ಮಂತ್ರಿಯಾದಾಗಲೂ ಇಸ್ತ್ರಿ ಕಾಣದ ಜುಬ್ಬಾ ಬಿಡಲಿಲ್ಲ. ಅಷ್ಟು ಸುಕ್ಕು ಮದುವೆಗೆ ಬೇಡ, ಒಪ್ಪುತ್ತೇನೆ. ಕೋಟೇ ಆಗಬೇಕು ಅಂತಿದ್ದರೆ ಲೈನಿಂಗ್ ಇಲ್ಲದ ಹತ್ತಿಯದ್ದೋ ಲಿನನ್‌ದೋ ಹೊಲಿಯಬಹುದು, ತಿಳಿ ಬಣ್ಣದ್ದು. ಹೊಲಿಯುವುದು ಕಷ್ಟ. ಒಳಗಿನ ಹೊಲಿಗೆ ಎಲ್ಲ ಕಾಣುತ್ತದೆ, ತಪ್ಪು ಮುಚ್ಚಲಿಕ್ಕಾಗುವುದಿಲ್ಲ. ಅಂಥದ್ದು ಬೇಕು ಅಂತ ಬಂದವರು ಇಷ್ಟು ವರ್ಷದಲ್ಲಿ ನಾಲ್ಕು ಜನ ಇರಬಹುದು.

ಭಾವ ಕಾಲರಿನ ಅಕ್ಷತೆ ಹೆಕ್ಕಿದ್ದನ್ನು ಬಾಗಿಲಿನ ಹತ್ತಿರ ನಿಂತು ನಾನೂ ನೋಡಿದೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಕೋಟು ಈಗ ನನ್ನ ಅಂಗಡಿಯಲ್ಲಿದೆ. ಮದುವೆಯಾದ ಮೂರು ವಾರಕ್ಕೆ ಮಳೆ ಹಿಡಿಯಿತು. ಬೆವರಿನ ಕೋಟನ್ನು ಹಾಗೆಯೇ ಕಪಾಟಿನಲ್ಲಿ ಇಟ್ಟಿದ್ದರು, ನುಸಿಗುಳಿಗೆ ಹಾಕಿ. ಸಪ್ಟೆಂಬರಿನಲ್ಲಿ ತೆಗೆದರೆ ಕಾಲರಿಗೆ ಬಿಳಿ ಬೂಷ್ಟು, ಎದೆಯ ಮೇಲೆ ಫ್ಯೂಸಿಂಗಿನ ಅಂಟು ಬಿಟ್ಟು ಹಪ್ಪಳದ ಹಾಗೆ ಗುಳ್ಳೆ. ಬೂಷ್ಟು ಹೋಗುತ್ತದೆ, ಗುಳ್ಳೆಗೆ ಮದ್ದಿಲ್ಲ. ಹಿಂದಿನ ದಾರ ಮಾತ್ರ ಕತ್ತರಿಸಿ ಇಟ್ಟಿದ್ದೇನೆ.

ಮೊನ್ನೆ ಅವನ ತಮ್ಮ ಬಂದಿದ್ದ. ಮದುವೆ ನಿಶ್ಚಯವಾಗಿದೆ, ಏಪ್ರಿಲ್ ಕೊನೆಗೆ. ಈ ಸಲ ಜಗಳ ಬೇಡ ಅಂತ ನಾನೇ ಟೇಪು ತೆಗೆದೆ, ತಿಳಿಬಣ್ಣದ ಲಿನನ್ ಹರಡಿ ತೋರಿಸಿದೆ. ಅವನು ಎರಡು ಬೆರಳಿನಲ್ಲಿ ಮುಟ್ಟಿ ನೋಡಿದ.

"ಚೆನ್ನಾಗಿದೆ ಮಾವ. ಇದರಲ್ಲೇ ಸ್ವಲ್ಪ ದಪ್ಪದ್ದು, ಹೊಳೆಯುವುದು ಉಂಟಾ?"